ಬಾಯಿ ಒಂದು, ಮಾತು ಒಂದು: ನಾಲ್ಕು ಗಂಟೆಯ ತಾಳಮದ್ದಲೆ ವಿಡಿಯೋದಲ್ಲಿ ಟ್ರ್ಯಾಕ್‌ಗಳು ತಪ್ಪಿದ ಪ್ರಕರಣ

ವಿಡಿಯೋ ಯೂಟ್ಯೂಬಿಗೆ ಹಾಕಿದ ಮರುದಿನ ಬೆಳಗ್ಗೆ ಏಳು ಗಂಟೆಗೆ ಸೋದರಮಾವನ ಫೋನ್ ಬಂತು. "ಮಾರಾಯಾ, ಭಾಗವತರ ಪದ್ಯ ಚೆಂದ ಕೇಳ್ತದೆ. ನನ್ನ ಅರ್ಥ ಎಲ್ಲಿ ಹೋಯ್ತು?" ಅಂತ ಕೇಳಿದರು. ತಾಳಮದ್ದಲೆಯಲ್ಲಿ ಪದ್ಯ ಹಾಡುವವರು ಭಾಗವತರು. ಪದ್ಯದ ಮೇಲೆ ಪಾತ್ರವಾಗಿ ಆಡುವ ಮಾತಿಗೆ ಅರ್ಥ ಅನ್ನುತ್ತಾರೆ.

ಅರ್ಧ ಗಂಟೆ ಕಳೆದು ಮಸ್ಕತ್‌ನಲ್ಲಿರುವ ಭಾವನ ಮೆಸೇಜ್ ಬಂತು. ಅವರು ಟಿವಿಯಲ್ಲಿ ನೋಡಿದ್ದರು. "ಅರ್ಥ ಸರಿಯಾಗಿ ಕೇಳ್ತದೆ. ಆದರೆ ಮಾವನ ಬಾಯಿ ಒಂದು, ಮಾತು ಒಂದು." ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಹೇಳಿದ್ದು ಮೂರನೇ ಥರ: "ಸುರುವಿಗೂ ಸರಿ ಇದೆ, ಕೊನೆಗೂ ಸರಿ ಇದೆ. ನಡುವೆ ಏನೋ ಆಗಿದೆ ನೋಡು."

ಹನ್ನೊಂದು ರಾತ್ರಿ ಕೂತು ಜೋಡಿಸಿದ ವಿಡಿಯೋ ಅದು. ಆ ದಿನವೇ ಯೂಟ್ಯೂಬ್‌ನಿಂದ ತೆಗೆದೆ. ಆಮೇಲೆ ಐದು ರಾತ್ರಿ ಕೂತು ಮೊದಲಿಂದ ಕಟ್ಟಿದೆ. ಎಲ್ಲಿ ತಪ್ಪಿತು, ಹೇಗೆ ಹುಡುಕಿದೆ, ಎರಡನೇ ಸಲ ಟ್ರ್ಯಾಕ್‌ಗಳನ್ನು ಹೇಗೆ ಇಟ್ಟೆ ಎಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಊರಿನ ಕಾರ್ಯಕ್ರಮಗಳನ್ನು ಎರಡು ಕ್ಯಾಮೆರಾ, ಒಂದು ಆಡಿಯೋ ರೆಕಾರ್ಡರ್ ಇಟ್ಟು ಹಿಡಿಯುವವರು ಈಗ ತುಂಬ ಜನ ಇದ್ದಾರೆ. ಅವರಿಗೆ ಇದು ಬೇಕಾಗಬಹುದು.

ಕೈಯಲ್ಲಿ ಏನೇನಿತ್ತು

ಮಾವನಿಗೆ 75 ತುಂಬಿದ ನೆಪದಲ್ಲಿ, ಪುತ್ತೂರಿನ ಹತ್ತಿರದ ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ಒಂದು ತಾಳಮದ್ದಲೆ ಇಟ್ಟುಕೊಂಡಿದ್ದೆವು. ತಾಳಮದ್ದಲೆ ನೋಡದವರಿಗೆ ಒಂದು ಮಾತು. ಯಕ್ಷಗಾನದ್ದೇ ಪದ್ಯ, ಅದೇ ಹಿಮ್ಮೇಳ. ಆದರೆ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಕೂತು ಮಾತಿನಲ್ಲೇ ಪಾತ್ರ ಕಟ್ಟುತ್ತಾರೆ. ಅವತ್ತು ಮಾವ ಕೌರವ, ಎದುರಿಗೆ ಕೃಷ್ಣ. ನೋಡುವುದಕ್ಕೆ ನಾಲ್ಕು ಜನ ಬಿಳಿ ಪಂಚೆ, ಶಾಲಿನಲ್ಲಿ ಕೂತಿದ್ದಾರೆ, ಅಷ್ಟೇ. ಕೇಳುವುದಕ್ಕೆ ಇಡೀ ಕೌರವನ ಸಭೆ ಇದೆ. ಹಾಗಾಗಿ ಇಲ್ಲಿ ಮಾತು ಅರ್ಧ ಸೆಕೆಂಡ್ ತಪ್ಪಿದರೂ ಎಲ್ಲವೂ ತಪ್ಪಿದ ಹಾಗೆ.

ಆಡಿಯೋಗೆ ಒಂದು ಕೈ ರೆಕಾರ್ಡರ್. ಮೈಕ್‌ನವರ ಮಿಕ್ಸರ್‌ನಿಂದ ಎರಡು ಲೈನ್ ತಗೊಂಡಿದ್ದೆ. ಎಡ ಚಾನೆಲ್‌ಗೆ ಭಾಗವತರು ಮತ್ತು ಹಿಮ್ಮೇಳ, ಬಲ ಚಾನೆಲ್‌ಗೆ ಅರ್ಥಧಾರಿಗಳ ಮೈಕ್‌ಗಳು. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್. ಒಟ್ಟು 4 ಗಂಟೆ 5 ನಿಮಿಷ. ಈ ರೆಕಾರ್ಡರ್ 2 ಜಿಬಿ ತುಂಬಿದ ಕೂಡಲೇ ಹೊಸ ಫೈಲ್ ಶುರು ಮಾಡುತ್ತದೆ. ಈ ಲೆಕ್ಕದಲ್ಲಿ ಒಂದು ಫೈಲ್ ಅಂದರೆ ಸುಮಾರು 2 ಗಂಟೆ 4 ನಿಮಿಷ. ಹಾಗಾಗಿ ಎರಡು ಫೈಲ್. ನಡುವೆ ಏನೂ ಬಿಟ್ಟುಹೋಗಿರಲಿಲ್ಲ. ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದರೆ ಸಾಕು.

ಮೊದಲನೇ ಕ್ಯಾಮೆರಾ ಸಭಾಭವನದ ಹಿಂದೆ, ವೇದಿಕೆಯಿಂದ ಸುಮಾರು 14 ಮೀಟರ್ ದೂರದಲ್ಲಿ ಸ್ಟ್ಯಾಂಡ್ ಮೇಲಿತ್ತು. ಅದು 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುವ ಜಾತಿಯದ್ದು. 30 ನಿಮಿಷ ಅಥವಾ ಜಾಸ್ತಿ ಹೊತ್ತು ರೆಕಾರ್ಡ್ ಮಾಡುವ ಕ್ಯಾಮೆರಾಗಳಿಗೆ ಯುರೋಪಿನಲ್ಲಿ ಬೇರೆ ಸುಂಕ ಇತ್ತು. ಅದನ್ನು ತಪ್ಪಿಸಲು ಕಂಪನಿಗಳು ಹಳೆ ಮಾಡೆಲ್‌ಗಳಿಗೆ ಹಾಕಿದ ಮಿತಿ ಅದು. ಮಾವನ ಮಗ ಪಕ್ಕದಲ್ಲಿ ಕೂತು ಪ್ರತಿ ಸಲ ಗುಂಡಿ ಒತ್ತುತ್ತಿದ್ದ. ಒಮ್ಮೆ ಊಟದ ಎಲೆ ಲೆಕ್ಕಕ್ಕೆ ಎದ್ದು ಹೋದಾಗ ಮೂರು ನಿಮಿಷ ಬಿಟ್ಟುಹೋಯಿತು.

ಎರಡನೇ ಕ್ಯಾಮೆರಾ ಮದ್ದಲೆಯವರ ಬದಿಯಲ್ಲಿ. ಅದು ನಿಲ್ಲುವುದಿಲ್ಲ. 4 ಜಿಬಿಗೆ ಒಂದು ಫೈಲ್ ಮುರಿಯುತ್ತದೆ, ಸುಮಾರು 24 ನಿಮಿಷಕ್ಕೊಂದು. ಹೀಗೆ 11 ತುಂಡು. ಇವುಗಳ ನಡುವೆಯೂ ಖಾಲಿ ಜಾಗ ಇಲ್ಲ. ಇದಲ್ಲದೆ ಮಾವನ ಮಗಳು ಓಡಾಡಿಕೊಂಡು ಮೊಬೈಲಿನಲ್ಲಿ ಹಿಡಿದ 23 ತುಣುಕುಗಳು. ಎರಡೂ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಆದ್ದರಿಂದ 25ರಲ್ಲಿ ಹಿಡಿದು ಶಟರ್ 50ರಲ್ಲಿ ಒಂದು ಭಾಗ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಮೊಬೈಲ್ ಮಾತ್ರ 30 ಅಂತ ಹೇಳಿಕೊಳ್ಳುತ್ತಿತ್ತು.

ಎಡಿಟಿಂಗ್ ಸಾಫ್ಟ್‌ವೇರ್ ಕೆಡೆನ್‌ಲೈವ್. ದುಡ್ಡು ಕೊಡಬೇಕಿಲ್ಲ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ, ನನ್ನ ಹಳೆ ಲ್ಯಾಪ್‌ಟಾಪ್‌ಗೂ ಸಾಕಾಗುತ್ತದೆ.

ಮೊದಲ ಸಲ ಜೋಡಿಸಿದ್ದು

ಫೈಲ್‌ಗಳನ್ನು ಒಂದೊಂದೇ ಟೈಮ್‌ಲೈನಿಗೆ, ಅಂದರೆ ತುಣುಕುಗಳನ್ನು ಹೊತ್ತಿನ ಕ್ರಮದಲ್ಲಿ ಜೋಡಿಸುವ ಜಾಗಕ್ಕೆ, ಎಳೆದು ಹಾಕಿದೆ. ಅಲ್ಲಿನ ಪಟ್ಟಿಗಳಿಗೆ, ಅಂದರೆ ಟ್ರ್ಯಾಕ್‌ಗಳಿಗೆ, ಸಾಫ್ಟ್‌ವೇರ್ ಕೊಟ್ಟ ಹೆಸರೇ ಇತ್ತು: ವಿ1, ವಿ2, ವಿ3, ಎ1, ಎ2, ಎ3. ಯಾವುದರಲ್ಲಿ ಯಾವುದು ಇದೆ ಅಂತ ನನ್ನ ತಲೆಯಲ್ಲಿ ಮಾತ್ರ ಇತ್ತು. ಮೂರನೇ ರಾತ್ರಿಗೆ ಅದೂ ಮರೆತಿತ್ತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ವಿಡಿಯೋ ಟ್ರ್ಯಾಕ್ ಮತ್ತು ಆಡಿಯೋ ಟ್ರ್ಯಾಕ್ ನೋಡಲು ಒಂದೇ ಥರ ಪಟ್ಟಿಗಳು. ಆದರೆ ನಡೆದುಕೊಳ್ಳುವುದು ಬೇರೆ ಬೇರೆ ಥರ. ವಿಡಿಯೋ ಟ್ರ್ಯಾಕ್ ಅಂದರೆ ಒಂದರ ಮೇಲೊಂದು ಹಾಸಿದ ಚಾಪೆ ಇದ್ದ ಹಾಗೆ. ಮೇಲಿನದು ಮಾತ್ರ ಕಾಣುತ್ತದೆ, ಕೆಳಗಿನದು ಮುಚ್ಚಿಹೋಗುತ್ತದೆ. ಆಡಿಯೋ ಹಾಗಲ್ಲ. ಎಷ್ಟು ಟ್ರ್ಯಾಕ್ ಇದೆಯೋ ಅಷ್ಟೂ ಒಟ್ಟಿಗೆ ಕೇಳುತ್ತದೆ. ಒಂದೇ ಕೊಠಡಿಯಲ್ಲಿ ಹತ್ತು ಜನ ಮಾತಾಡಿದ ಹಾಗೆ. ರೆಕಾರ್ಡರಿನ ಶಬ್ದದ ಜೊತೆ ಎರಡು ಕ್ಯಾಮೆರಾದ ಶಬ್ದವೂ ಸೇರಿ ಮಾವ ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಕೇಳಿತು.

ಅದಕ್ಕೆ ಕ್ಯಾಮೆರಾಗಳ ಆಡಿಯೋವನ್ನು ಪೂರ್ತಿ ಅಳಿಸಿಬಿಟ್ಟೆ. ಜೋಡಿಸಿ ಆಗಿದೆಯಲ್ಲ, ಇನ್ನು ಯಾಕೆ ಅಂತ. ಅಳಿಸಬಾರದಿತ್ತು. ಮ್ಯೂಟ್ ಮಾಡಿದ್ದರೆ ಸಾಕಿತ್ತು. ಕ್ಯಾಮೆರಾದ ಒರಟು ಆಡಿಯೋ ಕೇಳುವುದಕ್ಕೆ ಬೇಡ, ನಿಜ. ಆದರೆ ಚಿತ್ರ ಎಲ್ಲಿ ಕೂರಬೇಕು ಅಂತ ಸಾಕ್ಷಿ ಹೇಳುವುದು ಅದೊಂದೇ. ಅದು ಹೋದ ಮೇಲೆ ತುಟಿ ನೋಡಿ ಅಂದಾಜು ಮಾಡುವುದೇ ಗತಿ. ಮಾವನಿಗೆ ದಪ್ಪ ಮೀಸೆ ಬೇರೆ ಇದೆ.

ಆಮೇಲೆ ರೆಕಾರ್ಡರಿನ ಆಡಿಯೋ ಕದಲಬಾರದು ಅಂತ ಆ ಟ್ರ್ಯಾಕಿಗೆ ಬೀಗ ಹಾಕಿದೆ. ಟ್ರ್ಯಾಕಿನ ತಲೆಯ ಹತ್ತಿರ ಬೀಗದ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿದೆ. ಅಷ್ಟು ಮಾಡಿದ್ದು ಸರಿಯೇ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ.

ಸುಮಾರು 1 ಗಂಟೆ 50 ನಿಮಿಷಕ್ಕೆ ಚಹಾ ವಿರಾಮ ಇತ್ತು. 6 ನಿಮಿಷ 40 ಸೆಕೆಂಡ್. ಅದನ್ನು ತೆಗೆಯಬೇಕಿತ್ತು. ತುಂಡನ್ನು ತೆಗೆದು ಅದರ ನಂತರದ್ದೆಲ್ಲ ಎಡಕ್ಕೆ ಸರಿದು ಜಾಗ ಮುಚ್ಚುವ ಹಾಗೆ ಕತ್ತರಿಸುವುದಕ್ಕೆ ರಿಪಲ್ ಅನ್ನುತ್ತಾರೆ. ವಿಡಿಯೋದಲ್ಲಿ ಅದನ್ನು ಮಾಡಿದೆ. ವಿಡಿಯೋ ಟ್ರ್ಯಾಕ್‌ಗಳು ಸರಿದವು. ಬೀಗ ಹಾಕಿದ ಆಡಿಯೋ ಅಲ್ಲೇ ನಿಂತಿತು. ಬೀಗ ಇದ್ದದ್ದು ಕದಲುವುದಿಲ್ಲ, ಅದರ ಕೆಲಸವೇ ಅದು. ನಾನು ಬೀಗ ತೆಗೆದು, ಆಡಿಯೋದಲ್ಲಿ ವಿರಾಮ ಎಲ್ಲಿಂದ ಎಲ್ಲಿಗೆ ಅಂತ ಕಣ್ಣಂದಾಜಿನಲ್ಲಿ ಬೇರೆಯಾಗಿ ಕತ್ತರಿಸಿದೆ. ಶಬ್ದದ ಏರಿಳಿತ ತೋರಿಸುವ ಅಲೆಯ ಗೆರೆ ತೆಳ್ಳಗಾದ ಕಡೆಯಿಂದ ಮತ್ತೆ ದಪ್ಪಗಾದ ಕಡೆಯವರೆಗೆ. ಕಣ್ಣಿಗೆ ಸರಿಯಾಗೇ ಕಂಡಿತು. ನಿಜವಾಗಿ 20 ಫ್ರೇಮ್ ಜಾಸ್ತಿ ಕತ್ತರಿಸಿದ್ದೆ. ಅಂದರೆ 0.8 ಸೆಕೆಂಡ್.

ಕೊನೆಯ ರಾತ್ರಿ ಮಂಗಳದ ಪದ್ಯ ನೋಡುವಾಗ ಶಬ್ದ ಒಂದೂವರೆ ಸೆಕೆಂಡಿನಷ್ಟು ಮೊದಲೇ ಬರುತ್ತಿತ್ತು. ಅಳೆದೆ: 36 ಫ್ರೇಮ್. ಮೊದಲ ಪದ್ಯ ನೋಡಿದೆ, ಸರಿ ಇತ್ತು. "ಓ, ಇದು ನಿಧಾನಕ್ಕೆ ಜಾರಿದೆ" ಅಂತ ತೀರ್ಮಾನ ಮಾಡಿದೆ. ಆಡಿಯೋವನ್ನೆಲ್ಲ ಒಂದೇ ಫೈಲ್ ಮಾಡಿ ವೇಗವನ್ನು ಶೇಕಡಾ 99.99ಕ್ಕೆ ಇಳಿಸಿದೆ. ಸುಮಾರು ನಾಲ್ಕು ಗಂಟೆಯ ಫೈಲಿಗೆ ಅದು ಸರಿಯಾಗಿ 36 ಫ್ರೇಮ್ ಉದ್ದ ಕೊಟ್ಟಿತು. ಮಂಗಳ ಸರಿಯಾಯಿತು. ಸುರು ಹೇಗೂ ಸರಿ ಇತ್ತು. ಖುಷಿಯಲ್ಲಿ ರೆಂಡರ್‌ಗೆ, ಅಂದರೆ ಎಲ್ಲ ಸೇರಿಸಿ ಒಂದೇ ವಿಡಿಯೋ ಫೈಲ್ ಮಾಡುವುದಕ್ಕೆ, ಕೊಟ್ಟು ಮಲಗಿದೆ. ನಡುವೆ ಒಂದು ಕಡೆಯಾದರೂ ನೋಡಬೇಕು ಅಂತ ಹೊಳೆಯಲಿಲ್ಲ.

ತಪ್ಪು ಹುಡುಕಿದ್ದು

ಚಿತ್ರಕ್ಕೂ ಶಬ್ದಕ್ಕೂ ಹೊಂದಾಣಿಕೆ ತಪ್ಪಿದರೆ "ಸಿಂಕ್ ಹೋಗಿದೆ" ಅಂತ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಜ್ವರ ಬಂದಿದೆ ಅಂದ ಹಾಗೆ ಅದು. ಯಾವ ಜ್ವರ ಅಂತ ಗೊತ್ತಾಗದೆ ಮದ್ದು ಕೊಡುವುದಕ್ಕಾಗುವುದಿಲ್ಲ. ನನ್ನ ವಿಡಿಯೋದಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಒಟ್ಟಿಗೆ ಇದ್ದವು. ಮಾವನ ದೂರು ಐದನೆಯದು, ಅದು ಸಿಂಕ್‌ಗೆ ಸಂಬಂಧಪಟ್ಟದ್ದೇ ಅಲ್ಲ.

ಅಳೆಯುವುದಕ್ಕೆ ನನಗೆ ಸಿಕ್ಕಿದ ಒಳ್ಳೆ ಗುರುತು ಭಾಗವತರ ಜಾಗಟೆ. ಸಿನಿಮಾದವರು ಶಾಟ್ ಶುರುವಿಗೆ ಕ್ಲ್ಯಾಪ್ ಬೋರ್ಡ್ ಹೊಡೆಯುತ್ತಾರಲ್ಲ, ಇಲ್ಲಿ ಅದನ್ನು ಭಾಗವತರೇ ನಾಲ್ಕು ಗಂಟೆ ಹೊಡೆದಿದ್ದರು. ಕೋಲು ಜಾಗಟೆಗೆ ತಾಗುವ ಒಂದು ಫ್ರೇಮ್ ಇರುತ್ತದೆ. ಅದರ ಹಿಂದಿನ ಫ್ರೇಮಿನಲ್ಲಿ ಕೋಲು ಬೆರಳಷ್ಟು ದೂರ, ಮುಂದಿನದರಲ್ಲಿ ಹಿಂದಕ್ಕೆ ಬಂದಿರುತ್ತದೆ. ಆಡಿಯೋದ ಗೆರೆಯಲ್ಲಿ ಅದೇ ಪೆಟ್ಟು ಗರಗಸದ ಹಲ್ಲಿನ ಹಾಗೆ ನೆಟ್ಟಗೆ ಎದ್ದು ಕಾಣುತ್ತದೆ. ಎರಡರ ನಡುವೆ ಎಷ್ಟು ಫ್ರೇಮ್ ಅಂತ ಎಣಿಸಿದರೆ ಆಯಿತು. ಮದ್ದಲೆಯ ಪೆಟ್ಟಿಗಿಂತ ಇದು ಒಳ್ಳೆಯದು, ಮದ್ದಲೆಯಲ್ಲಿ ಬೆರಳು ತಾಗಿದ ಕ್ಷಣ ಕಣ್ಣಿಗೆ ಸಿಗುವುದಿಲ್ಲ.

ಪ್ರತಿ 15 ನಿಮಿಷಕ್ಕೊಂದು ಜಾಗಟೆ ಪೆಟ್ಟು ಆರಿಸಿ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಸುರುವಿಗೆ ಸೊನ್ನೆ. ಆಮೇಲೆ ಶಬ್ದ ಸ್ವಲ್ಪ ಸ್ವಲ್ಪವೇ ತಡವಾಗುತ್ತಾ ಹೋಗಿ, ವಿರಾಮದ ಮೊದಲು 9 ಫ್ರೇಮ್ ತಡ. ವಿರಾಮ ದಾಟಿದ ಕೂಡಲೇ ಒಮ್ಮೆಲೇ 11 ಫ್ರೇಮ್ ಬೇಗ. ಅಲ್ಲಿಂದ ನಿಧಾನಕ್ಕೆ ಇಳಿದು ಕೊನೆಗೆ ಮತ್ತೆ ಸೊನ್ನೆ. ಅಂಕಿಗಳನ್ನು ಸಾಲಾಗಿ ಬರೆದದ್ದೇ ತಡ, ಕಥೆ ತಾನಾಗಿ ಬಿಚ್ಚಿಕೊಂಡಿತು. ಚಿಕ್ಕಮ್ಮ ಹೇಳಿದ್ದು ಅಕ್ಷರಶಃ ಸರಿ ಇತ್ತು.

ಒಂದೇ ಜಾಗದಲ್ಲಿ 20 ಫ್ರೇಮ್ ಹಾರಿದೆ ಅಂದರೆ ಅದು ಕತ್ತರಿಯ ತಪ್ಪು. ಚಹಾ ವಿರಾಮದಲ್ಲಿ ನಾನು ಮಾಡಿದ್ದು. ಅದಕ್ಕೆ ಮದ್ದು ಅಲ್ಲೇ, ಆ ಜಾಗದಲ್ಲೇ. ಬೇರೆಲ್ಲೂ ಅಲ್ಲ.

ಮೊದಲು ಅಳೆದ 36ರಲ್ಲಿ ಉಳಿದ 16 ಫ್ರೇಮ್ ನಿಜವಾದ ಜಾರುವಿಕೆ. ಪ್ರತಿ ಯಂತ್ರದಲ್ಲೂ ಸಮಯ ಎಣಿಸುವ ಒಂದು ಹರಳು ಇರುತ್ತದೆ. ಎರಡು ಗಡಿಯಾರ ಹೇಗೆ ಸರಿಯಾಗಿ ಒಂದೇ ಹೊತ್ತು ತೋರಿಸುವುದಿಲ್ಲವೋ ಹಾಗೇ ರೆಕಾರ್ಡರಿನ ಒಂದು ಸೆಕೆಂಡ್ ಮತ್ತು ಕ್ಯಾಮೆರಾದ ಒಂದು ಸೆಕೆಂಡ್ ಕೂದಲೆಳೆಯಷ್ಟು ಬೇರೆ. ನನ್ನ ಎರಡನೇ ಕ್ಯಾಮೆರಾದಲ್ಲಿ ಈ ವ್ಯತ್ಯಾಸ 15 ನಿಮಿಷಕ್ಕೆ ಒಂದು ಫ್ರೇಮ್, ಅಂದರೆ 40 ಮಿಲಿಸೆಕೆಂಡ್. ಹಾಡೊಂದರ ವಿಡಿಯೋ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾಲ್ಕು ಗಂಟೆಯ ತಾಳಮದ್ದಲೆಗೆ ಅರ್ಧ ಸೆಕೆಂಡ್ ದಾಟುತ್ತದೆ.

ಈ ಎರಡನ್ನೂ ಸೇರಿಸಿ ಒಂದೇ ಮದ್ದು ಕೊಟ್ಟದ್ದು ನನ್ನ ದೊಡ್ಡ ತಪ್ಪು. ಆಡಿಯೋವನ್ನು ಎಳೆದು ಉದ್ದ ಮಾಡಿದಾಗ ಕೊನೆ ಸರಿಹೋಯಿತು. ಆದರೆ ವಿರಾಮದ ಮೊದಲು ಏನೂ ದೊಡ್ಡ ತೊಂದರೆ ಇಲ್ಲದಿದ್ದ ಭಾಗವೂ ಕೆಟ್ಟಿತು.

ಇದರಲ್ಲಿ ಇನ್ನೊಂದು ಗಮನಿಸಬೇಕು. ವಿರಾಮದ ಮೊದಲು ಶಬ್ದ 9 ಫ್ರೇಮ್ ತಡ ಇತ್ತು, ಆಮೇಲೆ 11 ಫ್ರೇಮ್ ಬೇಗ. ಹೆಚ್ಚು ಕಮ್ಮಿ ಒಂದೇ ಅಳತೆ. ಆದರೆ ನೋಡಿದವರೆಲ್ಲ ದೂರಿದ್ದು ಎರಡನೇ ಭಾಗವನ್ನೇ. ಕಾರಣ ಇದೆ. ಬೆಳಕು ಮೊದಲು, ಶಬ್ದ ಆಮೇಲೆ ಬರುವುದು ನಮಗೆ ಹುಟ್ಟಿನಿಂದ ಅಭ್ಯಾಸ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಸದ್ದು ಬರುತ್ತದೆ. ಮೊದಲು ಸದ್ದು, ಆಮೇಲೆ ಪೆಟ್ಟು ಅನ್ನುವುದು ಲೋಕದಲ್ಲೇ ಇಲ್ಲ. ಹಾಗಾಗಿ ಮುಂಚೆ ಬಂದ ಶಬ್ದ ಬೇಗ ಸಿಕ್ಕಿಬೀಳುತ್ತದೆ. ಪ್ರಸಾರದವರಿಗಾಗಿ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಮಾಡಿದ ಶಿಫಾರಸಿನಲ್ಲೂ ಇದೇ ಲೆಕ್ಕ: ಶಬ್ದ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನರಿಗೆ ಗೊತ್ತಾಗುತ್ತದೆ, ತಡವಾದರೆ 125ರವರೆಗೆ ಗೊತ್ತಾಗುವುದಿಲ್ಲ. ಅನುಮಾನ ಬಂದಲ್ಲಿ ಶಬ್ದವನ್ನು ತುಸು ತಡವಾಗಿಯೇ ಬಿಡುವುದು ಅದಕ್ಕೇ ಕ್ಷೇಮ.

ಮೂರನೇ ಕಾಯಿಲೆ ಮೊಬೈಲಿನದು. ಅದರ ಎರಡು ತುಣುಕು ತಲಾ 18 ನಿಮಿಷ ಇದ್ದವು. ಅವುಗಳಲ್ಲಿ ಜಾರುವಿಕೆಗೆ ಒಂದು ಲೆಕ್ಕವೇ ಇರಲಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. ಮೊಬೈಲ್‌ಗಳು ಬೆಳಕು ಕಡಿಮೆ ಆದಾಗ ಫ್ರೇಮ್ ಸಂಖ್ಯೆಯನ್ನು ತಾವೇ ಇಳಿಸುತ್ತವೆ. 30 ಅಂತ ಬರೆದಿದ್ದರೂ ಒಳಗೆ ಏರುಪೇರು. ಟೈಮ್‌ಲೈನಿಗೆ ಈ ಏರುಪೇರು ಒಗ್ಗುವುದಿಲ್ಲ. ಕೆಡೆನ್‌ಲೈವ್ ಇಂಥ ಫೈಲ್ ಸೇರಿಸುವಾಗಲೇ ಎಚ್ಚರಿಸಿ, ಎಡಿಟ್‌ಗೆ ಒಗ್ಗುವ ಹಾಗೆ ಬದಲಿಸಲಾ ಅಂತ ಕೇಳುತ್ತದೆ. ಮೊದಲ ಸಲ ಅದು ಕೇಳಿದಾಗ ನಾನು ಸುಮ್ನೆ ಬೇಡ ಅಂದಿದ್ದೆ.

ನಾಲ್ಕನೆಯದು ತೀರಾ ಸಣ್ಣದು, ಒಂದೇ ಫ್ರೇಮ್. ಹಿಂದಿನ ಕ್ಯಾಮೆರಾ 14 ಮೀಟರ್ ದೂರ ಇತ್ತು ಅಂದೆನಲ್ಲ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 14 ಮೀಟರ್ ದಾಟಲು 40 ಮಿಲಿಸೆಕೆಂಡ್, ಸರಿಯಾಗಿ ಒಂದು ಫ್ರೇಮ್. ಆ ಕ್ಯಾಮೆರಾದ ಆಡಿಯೋದಲ್ಲಿ ಎಲ್ಲವೂ ಒಂದು ಫ್ರೇಮ್ ತಡ. ಅದರ ಅಲೆಯನ್ನು ರೆಕಾರ್ಡರಿನ ಅಲೆಗೆ ಕರಾರುವಾಕ್ಕಾಗಿ ಜೋಡಿಸಿದರೆ ಚಿತ್ರ ಒಂದು ಫ್ರೇಮ್ ಮುಂಚೆ ಕೂರುತ್ತದೆ. ಜೋಡಿಸಿದ ಮೇಲೆ ಒಂದು ಫ್ರೇಮ್ ಬಲಕ್ಕೆ ತಳ್ಳಿದರೆ ಸರಿ. ಇದು ಯಾರಿಗೂ ಕಾಣುವ ತಪ್ಪಲ್ಲ. ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಇನ್ನು ಮಾವನ ದೂರು. ಅವರಿಗೆ ಬಲಕಿವಿ ಅಷ್ಟು ಕೇಳುವುದಿಲ್ಲ. ಇಯರ್‌ಫೋನಿನ ಎಡದ ಗುಂಡಿಯೊಂದನ್ನೇ ಕಿವಿಗೆ ಹಾಕಿಕೊಳ್ಳುತ್ತಾರೆ. ನಾನು ರೆಕಾರ್ಡರಿನ ಫೈಲನ್ನು ಇದ್ದ ಹಾಗೆ ಇಟ್ಟಿದ್ದೆ: ಎಡಕ್ಕೆ ಪದ್ಯ, ಬಲಕ್ಕೆ ಅರ್ಥ. ನಾಲ್ಕು ಗಂಟೆ ಪೂರ್ತಿ ಅವರಿಗೆ ಭಾಗವತರು ಕಿವಿಯಲ್ಲೇ ಹಾಡಿದ ಹಾಗೆ, ತಮ್ಮದೇ ಮಾತು ಮಾತ್ರ ಎಲ್ಲೋ ಹೊರಗಿನ ಜಗಲಿಯಿಂದ ಬಂದ ಹಾಗೆ ಕೇಳಿದೆ. ಐದು ಕಾಯಿಲೆಗಳಲ್ಲಿ ನನಗೆ ಜಾಸ್ತಿ ಬೇಜಾರು ಮಾಡಿದ್ದು ಇದು. ಅವರಿಗೋಸ್ಕರ ಮಾಡಿದ ವಿಡಿಯೋ ಅದು.

ಮತ್ತೆ ಮೊದಲಿಂದ

ಹಳೆ ಪ್ರಾಜೆಕ್ಟನ್ನು ಸರಿ ಮಾಡಲು ಹೋಗಲಿಲ್ಲ. ಕಾರ್ಡುಗಳಿಂದ ಇಳಿಸಿದ ಮೂಲ ಫೈಲ್‌ಗಳು ಹಾಗೇ ಇದ್ದವು. ಹೊಸ ಪ್ರಾಜೆಕ್ಟ್ ತೆರೆದು 25 ಫ್ರೇಮ್‌ಗೆ ಇಟ್ಟೆ. ಮೊಬೈಲ್ ತುಣುಕುಗಳನ್ನೆಲ್ಲ ಮೊದಲೇ ಒಂದೇ ಸಮ ಫ್ರೇಮ್‌ಗೆ ಬದಲಿಸಿಕೊಂಡೆ. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲೂ ಈ ಕೆಲಸ ಆಗುತ್ತದೆ.

ಈ ಸಲ ಒಂದು ವಿಷಯ ತಲೆಯಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಆಡಿಯೋ ಕಂಬ, ಚಿತ್ರ ಬಳ್ಳಿ. ತಪ್ಪಿದ ಕಡೆ ಸರಿಸಬೇಕಾದ್ದು ಬಳ್ಳಿಯನ್ನು. ತಾಳಮದ್ದಲೆಯಲ್ಲಿ ಒಂದು ಫ್ರೇಮ್ ಚಿತ್ರ ಹೋದರೆ ಯಾರಿಗೂ ನಷ್ಟ ಇಲ್ಲ. ಮಾತಿನಲ್ಲಿ 40 ಮಿಲಿಸೆಕೆಂಡ್ ತುಂಡಾದರೆ 'ಟಕ್' ಅಂತ ಕೇಳುತ್ತದೆ, ಪದ್ಯದ ನಡುವೆ ಆದರೆ ತಾಳವೇ ಕೆಡುತ್ತದೆ.

ಟ್ರ್ಯಾಕಿನ ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಬೇರೆ ಹೆಸರು ಕೊಡಬಹುದು. ಕನ್ನಡದಲ್ಲೇ ಕೊಟ್ಟೆ: ಪದ್ಯ, ಅರ್ಥ, ಹಿಂದಿನ ಕ್ಯಾಮೆರಾ, ಮದ್ದಲೆ ಬದಿ, ಮೊಬೈಲ್. ಕ್ಯಾಮೆರಾಗಳ ಆಡಿಯೋ ಟ್ರ್ಯಾಕ್‌ಗಳಿಗೆ 'ಸಾಕ್ಷಿ' ಅಂತ ಹೆಸರಿಟ್ಟು ಮ್ಯೂಟ್ ಮಾಡಿದೆ, ಅಳಿಸಲಿಲ್ಲ.

ರೆಕಾರ್ಡರಿನ ಅದೇ ಎರಡು ಫೈಲ್‌ಗಳನ್ನು ಎರಡು ಟ್ರ್ಯಾಕಿಗೂ ಒಂದೊಂದು ಸಲ ಹಾಕಿದೆ. 'ಪದ್ಯ' ಟ್ರ್ಯಾಕಿನಲ್ಲಿ ಎಡ ಚಾನೆಲನ್ನು ಎರಡೂ ಕಡೆಗೆ ನಕಲು ಮಾಡುವ ಎಫೆಕ್ಟ್. 'ಅರ್ಥ' ಟ್ರ್ಯಾಕಿನಲ್ಲಿ ಬಲದ್ದನ್ನು ಎರಡೂ ಕಡೆಗೆ. ಈ ಎಫೆಕ್ಟ್‌ಗಳನ್ನು ತುಣುಕುಗಳಿಗೆ ಹಾಕದೆ ಟ್ರ್ಯಾಕಿಗೇ ಹಾಕಿದೆ. ತುಣುಕಿಗೆ ಹಾಕಿದರೆ ಎರಡನೇ ಫೈಲಿಗೆ ಮರೆತುಹೋಗಬಹುದು. ಟ್ರ್ಯಾಕಿಗೆ ಹಾಕಿದರೆ ಅದರೊಳಗೆ ಬಂದದ್ದಕ್ಕೆಲ್ಲ ತಾನೇ ತಾಗುತ್ತದೆ. ಈಗ ಪದ್ಯ, ಅರ್ಥ ಎರಡೂ ನಡುವಿನಲ್ಲಿ ಕೇಳುತ್ತವೆ, ಯಾವ ಕಿವಿಗೆ ಹಾಕಿಕೊಂಡರೂ ಒಂದೇ. ಇನ್ನೊಂದು ಲಾಭವೂ ಆಯಿತು. ಮಾತು ನಡೆಯುವಾಗ 'ಪದ್ಯ' ಟ್ರ್ಯಾಕನ್ನು ಸ್ವಲ್ಪ ಇಳಿಸಿದರೆ ಶ್ರುತಿಪೆಟ್ಟಿಗೆ ಹಿಂದೆ ಸರಿಯುತ್ತದೆ, ಪದ್ಯ ಶುರುವಾಗುವಾಗ ಏರಿಸಿದರೆ ಮುಂದೆ ಬರುತ್ತದೆ.

ಈ ಎರಡು ಟ್ರ್ಯಾಕಿಗೆ ಬೀಗ. ಆಮೇಲೆ ಚಿತ್ರಗಳನ್ನು ಒಂದೊಂದೇ ತಂದು ಜೋಡಿಸಿದೆ. ಕೆಡೆನ್‌ಲೈವ್‌ನಲ್ಲಿ ಒಂದು ಆಡಿಯೋವನ್ನು ಆಧಾರ ಅಂತ ಗುರುತಿಸಿ, ಬೇರೆ ತುಣುಕನ್ನು ಅದಕ್ಕೆ ತಾನಾಗಿ ಹೊಂದಿಸುವ ಸೌಲಭ್ಯ ಇದೆ. ಕ್ಯಾಮೆರಾ ತುಣುಕುಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಮೊಬೈಲಿನ ಕೆಲವದರಲ್ಲಿ ಮಾಡಲಿಲ್ಲ. ಪಕ್ಕದಲ್ಲಿ ಕೂತವರ ಮಾತು, ಮಕ್ಕಳ ಗಲಾಟೆ ಜಾಸ್ತಿ ಇತ್ತು. ಅವನ್ನು ಜಾಗಟೆ ಪೆಟ್ಟು ನೋಡಿ ಕೈಯಲ್ಲೇ ಕೂರಿಸಿದೆ. ಒಂದೇ ಪೆಟ್ಟು ನಂಬಬಾರದು. ಏಕತಾಳದಲ್ಲಿ ಎಲ್ಲ ಪೆಟ್ಟೂ ಒಂದೇ ಥರ ಕಾಣುತ್ತದೆ, ಒಂದು ಪೆಟ್ಟು ಆಚೆ ಕೂತರೂ ಸರಿಯಾಗಿದೆ ಅನ್ನಿಸುತ್ತದೆ. ಮುಕ್ತಾಯದ ಹತ್ತಿರ ಪೆಟ್ಟಿನ ಅಂತರ ಬದಲಾಗುವ ಜಾಗ ಹುಡುಕಿದರೆ ತಪ್ಪುವುದಿಲ್ಲ.

ಎರಡನೇ ಕ್ಯಾಮೆರಾದ ಜಾರುವಿಕೆಗೆ ವೇಗ ಬದಲಿಸುವುದು ಆಗುವಂಥದ್ದಲ್ಲ. ಬೇಕಾದ ಬದಲಾವಣೆ ಶೇಕಡಾ 0.0044. ವೇಗದ ಪೆಟ್ಟಿಗೆಯಲ್ಲಿ ದಶಾಂಶದ ಆಚೆ ಎರಡೇ ಅಂಕಿ ಹಿಡಿಯುತ್ತದೆ. ಅದಕ್ಕಿಂತ ಸುಲಭದ ದಾರಿ ಇತ್ತು. 15 ನಿಮಿಷಕ್ಕೆ ಒಂದು ಫ್ರೇಮ್ ಅಂತ ಗೊತ್ತಿದೆಯಲ್ಲ, ಸುಮಾರು ಪ್ರತಿ 15 ನಿಮಿಷಕ್ಕೆ ಆ ಕ್ಯಾಮೆರಾದ ಚಿತ್ರವನ್ನು ಕತ್ತರಿಸಿ ಒಂದೇ ಒಂದು ಫ್ರೇಮ್ ತೆಗೆದು ಎಡಕ್ಕೆ ಸರಿಸಿದೆ. ಎಲ್ಲಿ ಕತ್ತರಿಸಿದೆ ಅಂದರೆ, ಮೇಲಿನ ಟ್ರ್ಯಾಕಿನಲ್ಲಿ ಹಿಂದಿನ ಕ್ಯಾಮೆರಾದ ಚಿತ್ರ ಕಾಣುತ್ತಿರುವ ಜಾಗದಲ್ಲಿ. ಮೇಲಿನ ಚಾಪೆ ಮುಚ್ಚಿರುವಾಗ ಕೆಳಗೆ ಹೊಲಿಗೆ ಹಾಕಿದ ಹಾಗೆ. ನೋಡುವವರಿಗೆ ಹದಿನಾರು ಹೊಲಿಗೆಯಲ್ಲಿ ಒಂದೂ ಕಾಣುವುದಿಲ್ಲ. ಹಿಂದಿನ ಕ್ಯಾಮೆರಾಗೆ ಈ ಕೆಲಸ ಬೇಕಾಗಲಿಲ್ಲ. ಅರ್ಧ ಗಂಟೆಗೊಮ್ಮೆ ನಿಂತು ಹೊಸ ಫೈಲ್ ಆಗುತ್ತಿದ್ದದ್ದೇ ಅದಕ್ಕೆ ಅನುಕೂಲವಾಯಿತು, ಪ್ರತಿ ಫೈಲನ್ನೂ ಹೊಸದಾಗಿ ಜೋಡಿಸಿದ್ದೆ.

ಇಷ್ಟಾದ ಮೇಲೆ ವಿರಾಮ ಕತ್ತರಿಸುವ ಪ್ರಶ್ನೆ. ಬೀಗ ಜೋಡಿಸುವಾಗ ಬೇಕು, ಕತ್ತರಿಸುವಾಗ ಬೇಡ. ರಿಪಲ್ ಮಾಡುವುದಾದರೆ ಎಲ್ಲ ಟ್ರ್ಯಾಕಿನ ಬೀಗ ತೆಗೆದು, ಎಲ್ಲವನ್ನೂ ಒಂದೇ ಜಾಗದಲ್ಲಿ, ಒಂದೇ ಸಲ ಕತ್ತರಿಸಬೇಕು. ಬೇರೆ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಇದಕ್ಕೆ ದಾರಿ ಇದೆ. ಪ್ರೀಮಿಯರ್‌ನಲ್ಲಿ ಸಿಂಕ್ ಲಾಕ್ ಅಂತ ಬೇರೆಯೇ ಗುಂಡಿ ಇದೆ, ಒಂದು ಸರಿದರೆ ಉಳಿದವೂ ಸರಿಯಲಿ ಅಂತ. ಡಾವಿಂಚಿ ರಿಸಾಲ್ವ್‌ನಲ್ಲಿ ಆಟೋ ಟ್ರ್ಯಾಕ್ ಸೆಲೆಕ್ಟರ್ ಇದೆ. ಹೆಸರು ಬೇರೆ, ಎಡವುವ ಜಾಗ ಒಂದೇ.

ನಾನು ಆ ದಾರಿಯನ್ನೂ ಹಿಡಿಯಲಿಲ್ಲ. ಕೆಡೆನ್‌ಲೈವ್‌ನಲ್ಲಿ 23.04 ಆವೃತ್ತಿಯಿಂದ ಒಂದೇ ಪ್ರಾಜೆಕ್ಟಿನಲ್ಲಿ ಹಲವು ಸೀಕ್ವೆನ್ಸ್, ಅಂದರೆ ಬೇರೆ ಬೇರೆ ಟೈಮ್‌ಲೈನ್, ಇಡಬಹುದು. ಒಂದು ಸೀಕ್ವೆನ್ಸನ್ನು ಇನ್ನೊಂದರೊಳಗೆ ಒಂದೇ ತುಣುಕಿನ ಹಾಗೆ ಹಾಕಲೂಬಹುದು. ಪೂರ್ತಿ ಜೋಡಿಸಿದ, 4 ಗಂಟೆ 5 ನಿಮಿಷದ ಸೀಕ್ವೆನ್ಸಿಗೆ 'ಇಡೀ ರಾತ್ರಿ' ಅಂತ ಹೆಸರಿಟ್ಟೆ. ಹೊಸ ಸೀಕ್ವೆನ್ಸ್ ಮಾಡಿ ಅದರೊಳಗೆ ಇದನ್ನು ಎಳೆದು ಹಾಕಿದೆ. ಅಲ್ಲಿ ಇರುವುದು ಒಂದು ವಿಡಿಯೋ ಪಟ್ಟಿ, ಒಂದು ಆಡಿಯೋ ಪಟ್ಟಿ, ಎರಡೂ ಒಂದಕ್ಕೊಂದು ಕಟ್ಟಿದ್ದು. ಚಹಾ ವಿರಾಮವನ್ನು ಅಲ್ಲಿ ಕತ್ತರಿಸಿದೆ. ಒಂದು ಟ್ರ್ಯಾಕ್ ಸರಿದು ಇನ್ನೊಂದು ನಿಲ್ಲುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಕತ್ತರಿಸುವ ಮೊದಲು ಮಂಗಳದ ಕೊನೆಯ ಜಾಗಟೆ ಪೆಟ್ಟಿಗೆ ಒಂದು ಮಾರ್ಕರ್ ಹಾಕಿದ್ದೆ. ಪ್ರತಿ ದೊಡ್ಡ ಬದಲಾವಣೆ ಆದ ಮೇಲೂ ಅಲ್ಲಿಗೆ ಹೋಗಿ ಕೋಲು ತಾಗುವ ಫ್ರೇಮ್ ನೋಡುತ್ತಿದ್ದೆ. ಆಮೇಲೆ ವಿರಾಮದ ಮೊದಲಿನ ಪೆಟ್ಟು, ವಿರಾಮದ ನಂತರದ ಪೆಟ್ಟು. ಎರಡು ನಿಮಿಷದ ಕೆಲಸ. ರೆಂಡರ್ ಆದ ಫೈಲಿನಲ್ಲೂ ಇದೇ ಜಾಗಗಳನ್ನು ಮತ್ತೆ ನೋಡಿದೆ.

ಶಬ್ದದ ಮಟ್ಟದ ಬಗ್ಗೆ ಒಂದು ಮಾತು. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಶಬ್ದದ ಒಟ್ಟಾರೆ ಜೋರು ಅಳೆಯುವ ಮಾನ) ಜೋರಿದ್ದದ್ದನ್ನು ತಾನೇ ಇಳಿಸುತ್ತದೆ. ಅಲ್ಲಿಯವರೆಗೆ ಏರಿಸಿ ಇಡುವವರು ಜಾಸ್ತಿ. ನಾನು ಮೈನಸ್ 16ಕ್ಕೇ ನಿಲ್ಲಿಸಿದೆ. ಅದಕ್ಕಿಂತ ಏರಿಸಬೇಕಾದರೆ ಮಾತಿನ ಏರಿಳಿತವನ್ನು ಅದುಮಬೇಕು. ಕೌರವ ಗುಡುಗುವುದೂ, ಆಮೇಲೆ ದನಿ ತಗ್ಗಿಸಿ ಒಬ್ಬನೇ ಮಾತಾಡಿಕೊಳ್ಳುವುದೂ ಒಂದೇ ಎತ್ತರದಲ್ಲಿ ಕೇಳಿದರೆ ಅರ್ಥಗಾರಿಕೆಯಲ್ಲಿ ಉಳಿಯುವುದೇನು?

ಮಾವ ಕೇಳಿದ್ದು

ಎರಡನೇ ಸಲ ಯೂಟ್ಯೂಬಿಗೆ ಹಾಕುವ ಮೊದಲು ಲ್ಯಾಪ್‌ಟಾಪ್ ಹಿಡಿದುಕೊಂಡು ಮಾವನ ಮನೆಗೇ ಹೋದೆ. ಜಗಲಿಯಲ್ಲಿ ಕೂತು, ಎಡಗಿವಿಗೆ ಗುಂಡಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೇಳಿದರು. ಪರದೆಯನ್ನು ನೋಡಲೇ ಇಲ್ಲ. ತಮ್ಮ ಮಾತಿಗೆ ತುಟಿ ಅಲ್ಲಾಡಿಸುತ್ತಾ ಇದ್ದರು. ಎರಡು ಗಂಟೆ ಆಗುತ್ತಾ ಬಂದಾಗ ಕಣ್ಣು ಬಿಟ್ಟು, "ನಿಲ್ಲಿಸು" ಅಂದರು.

ನನಗೆ ಎದೆ ಧಸಕ್ ಅಂತು. "ಏನಾಯ್ತು ಮಾವ?"

"ಚಹಾ ಕುಡಿವಾಗ ಭಾಗವತರು ಒಂದು ವಿಷಯ ಹೇಳಿದ್ರಲ್ಲ, ನಾವಿಬ್ರೂ ಸುರುವಿಗೆ ಒಟ್ಟಿಗೆ ಹೋದ ಕೂಟದ್ದು, ದೊಂದಿ ಹಿಡ್ಕೊಂಡು ಗುಡ್ಡ ಇಳಿದದ್ದು. ಅದು ಎಲ್ಲಿ?"

ಆ ಭಾಗವತರು ಈಗ ಹಾಡುತ್ತಿಲ್ಲ. ದನಿ ಹೋಗಿದೆ. ಅದು ಮಾವನ ಜೊತೆ ಅವರ ಕೊನೆಯ ಕೂಟ.

ಎರಡನೇ ಸೀಕ್ವೆನ್ಸ್ ತೆರೆದೆ. ಕತ್ತರಿಸಿದ ಜಾಗಕ್ಕೆ ಹೋಗಿ, ಮೊದಲು ಅದರ ನಂತರದ ಭಾಗವನ್ನೆಲ್ಲ ಬಲಕ್ಕೆ ಸರಿಸಿ ಜಾಗ ಮಾಡಿದೆ. ಆಮೇಲೆ ತುಣುಕಿನ ತುದಿ ಹಿಡಿದು ಎಳೆದೆ. ಚಹಾ ಲೋಟದ ಸದ್ದು, ಭಾಗವತರ ನಗು, ಮದ್ದಲೆ ಬದಿಯ ಕ್ಯಾಮೆರಾದಲ್ಲಿ ಅವರ ಅರ್ಧ ಮುಖ, ಎಲ್ಲವೂ ತಂತಮ್ಮ ಜಾಗದಲ್ಲೇ ವಾಪಸ್ ಬಂದವು. ಮೈಕ್‌ನವರು ಮೈಕ್ ಆಫ್ ಮಾಡಿರಲಿಲ್ಲ. ಮಾವ ಈ ಸಲ ಪರದೆಯನ್ನೇ ನೋಡುತ್ತಾ ಕೂತರು. 6 ನಿಮಿಷ 40 ಸೆಕೆಂಡನ್ನೂ ಹಾಗೇ ಬಿಟ್ಟು ರೆಂಡರ್‌ಗೆ ಕೊಟ್ಟೆ.